ಖಾಲಿ ಅಂತ ಕಂಡ ಬಸ್ಸು

ಬಸ್‌ಸ್ಟಾಪಿನ ಕಂಬಕ್ಕೆ ಅಂಟಿಸಿದ್ದ ಚೀಟಿಯನ್ನು ಟೈಲರಕ್ಕ ಎರಡೆರಡು ಸಲ ಓದಿದಳು. ಮುಂದಿನ ತಿಂಗಳಿಂದ ಬೆಳಗಿನ ಬಸ್ಸು ರದ್ದಂತೆ! ಯಾಕೆ? ಜನರೇ ಹತ್ತಲ್ಲವಂತೆ.

ಅವಳ ಗಂಡನಿಗೆ ವಾರಕ್ಕೆರಡು ಸಲ ದೊಡ್ಡಾಸ್ಪತ್ರೆಯಲ್ಲಿ ಡಯಾಲಿಸಿಸ್. ಕಿಡ್ನಿ ಮಾಡದ ಕೆಲಸವನ್ನು ಅಲ್ಲಿ ಮಷೀನು ಮಾಡಬೇಕು. ಒಂದು ಸರದಿ ತಪ್ಪಿದರೂ ಪ್ರಾಣಕ್ಕೇ ಸಂಚಕಾರ. ಹೊತ್ತಿಗೆ ಸರಿಯಾಗಿ ಅಲ್ಲಿಗೆ ಮುಟ್ಟಿಸೋದು ಅದೊಂದೇ ಬಸ್ಸು.

ಎದುರುಮನೆ ಹುಡುಗಿ ಬಸ್ ಡಿಪೋ ಆಫೀಸಿನಲ್ಲಿ ಕೆಲಸದಲ್ಲಿದ್ದಳು. ಟೈಲರಕ್ಕ ನೇರ ಅವಳ ಬಾಗಿಲಿಗೆ ಹೋದಳು. "ಕಾಲಿಡೋಕೆ ಜಾಗ ಇರಲ್ಲ, ಖಾಲಿಯಂತೆ ಖಾಲಿ! ನಿಮ್ಮೋರಿಗೆ ಕಣ್ಣಿಲ್ವೇನೇ?"

"ಅಕ್ಕಾ, ಒಂದು ಬಸ್ ನೋಡಿ ತೀರ್ಮಾನ ಮಾಡಲ್ಲ. ದಿನಾ ಕೊಡೋ ಲಕ್ಷಾಂತರ ಟಿಕೆಟ್ ಕಂಪ್ಯೂಟರಿಗೆ ಸೇರುತ್ತೆ. ಯಾವ ಸ್ಟಾಪಲ್ಲಿ, ಎಷ್ಟೊತ್ತಿಗೆ, ಎಷ್ಟು ಜನ ಅಂತ ಅದು ಜಾಲಾಡುತ್ತೆ. ಬಿಗ್ ಡೇಟಾ ಅಂತಾರಲ್ಲ, ಅದೇ ಇದು. ಶಾಲೆ ರಸ್ತೆಗೆ ಎರಡನೇ ಬಸ್ ಬಂದಿದ್ದೂ ಹೀಗೇನೇ."

"ಅಯ್ಯೋ ಬಿಡೇ, ನಮ್ಮ ಪಾಡು ಕಂಪ್ಯೂಟರಿಗೇನು ಗೊತ್ತು?"

"ನೀವು ಕೊನೇ ಸಲ ಟಿಕೆಟ್ ತಗೊಂಡಿದ್ದು ಯಾವಾಗ ಅಕ್ಕಾ?"

ಟೈಲರಕ್ಕ ಹಣೆ ಚಚ್ಚಿಕೊಂಡಳು. ಕಂಡಕ್ಟರು ಬಂಗಾರದಂಥ ಮನುಷ್ಯ. ಪರಿಚಯದವರು ಅಂದರೆ ಸಾಕು, "ನಿಮಗೆಂಥ ಟಿಕೆಟ್ಟು, ಕೂತ್ಕೊಳ್ಳಿ" ಅನ್ನುತ್ತಿದ್ದ. ಇಡೀ ಬೀದಿಯೇ ಹಾಗೆ ಓಡಾಡುತ್ತಿತ್ತು.

"ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕ್ಕೊಂಡ್ವಲ್ಲೇ!"

"ತಿಂಗಳ ಕೊನೆಗೆ ಇನ್ನೊಂದು ಸಲ ಲೆಕ್ಕ ನೋಡ್ತಾರೆ. ಲೆಕ್ಕ ತಪ್ಪಿದ್ರೆ ತೀರ್ಮಾನವೂ ತಪ್ಪೇ. ಎಲ್ಲರೂ ಟಿಕೆಟ್ ತಗೊಳ್ಳಿ. ಒಂದಿನ ಬಂದು ಕಣ್ಣಾರೆ ನೋಡಿ ಅಂತ ನಾನೂ ಸಾಹೇಬರಿಗೆ ಹೇಳ್ತೀನಿ."

ಮರುದಿನ ಬಸ್ಸಿನಲ್ಲಿ ಟೈಲರಕ್ಕ ದುಡ್ಡು ಚಾಚಿದಳು. ಕಂಡಕ್ಟರನ ಮುಖ ಸಪ್ಪಗಾಯಿತು. "ಏನಕ್ಕಾ, ನನ್ಮೇಲೆ ಮುನಿಸಾ?"

"ಮುನಿಸಲ್ಲಪ್ಪ, ಭಯ. ಎಲ್ಲರಿಗೂ ಕೊಡು ಟಿಕೆಟ್ಟು!"

ಪಕ್ಕದಲ್ಲಿ ಗಂಡ ಗೊಣಗಿದ. "ಇಷ್ಟು ವರ್ಷದ ಸ್ನೇಹ ಕಣೇ. ಅವನಿಗೆ ಬೇಜಾರಾಗಲ್ವಾ?"

"ಅವನ ಬೇಜಾರು ನಾಳೆಗೆ ಹೋಗುತ್ತೆ. ನೀವು ಹೋದ್ರೆ?"

ಗಂಡ ಟಿಕೆಟ್ಟನ್ನು ಜೇಬಿಗಿಟ್ಟುಕೊಂಡ.

ಹೊಸ ತಿಂಗಳ ಮೊದಲ ದಿನ ಬಂತು. ಕಂಬದ ಮೇಲೆ ಚೀಟಿ ಹಾಗೇ ಇತ್ತು. ಬಸ್ಸಿನ ಹೊತ್ತು ಮೀರಿತು. ಗಂಡ ಊದಿದ ಕಾಲು ಚಾಚಿ ಕಟ್ಟೆ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ಟೈಲರಕ್ಕ ರಸ್ತೆ ತಿರುವಿನಿಂದ ಕಣ್ಣು ಕೀಳಲಿಲ್ಲ. ಆಟೋ ಹೋಯಿತು, ಲಾರಿ ಹೋಯಿತು. ಅವಳಿಗೆ ಅಳುವೇ ಬಂತು.

ಆಗ ಕೇಳಿಸಿತು ಹಾರ್ನು. ಅದೇ ಬಸ್ಸು! ಬಾಗಿಲಲ್ಲಿ ನೇತಾಡುತ್ತಾ ಕಂಡಕ್ಟರು ಕೂಗಿದ. "ರದ್ದು ಗಿದ್ದು ಏನಿಲ್ಲ, ಟಿಕೆಟ್ ಲೆಕ್ಕ ನೋಡಿ ಸಾಹೇಬ್ರು ಬಸ್ ಉಳಿಸಿದ್ರು. ಹತ್ತಿ ಹತ್ತಿ!"

ಮೇಲೆ ಹತ್ತಿದ್ದೇ ತಡ, ಗಂಡನೇ ಮೊದಲು ದುಡ್ಡು ಚಾಚಿದ. "ಎರಡು ಟಿಕೆಟ್ ಕೊಡಪ್ಪ."

ಬಂಧುಗಳೇ, ಬಸ್ಸಾಗಲಿ, ನೀರಾಗಲಿ, ಆಸ್ಪತ್ರೆಯಾಗಲಿ, ಯಾರಿಗೆ ಎಷ್ಟು ಬೇಕು ಅನ್ನೋದನ್ನು ಈಗ ಇಂಥ ಲೆಕ್ಕ ನೋಡಿಯೇ ತೀರ್ಮಾನಿಸುತ್ತಾರೆ. ನಲ್ಲಿ ನಿಂತರೆ ಪಕ್ಕದ ಮನೆಯಲ್ಲಿ ಗೊಣಗಬೇಡಿ, ದೂರು ಬರೆಸಿ. ಬಸ್ ಹತ್ತಿದರೆ ಟಿಕೆಟ್ ಕೇಳಿ ಪಡೆಯಿರಿ. ಕಂಡಕ್ಟರಿಗೆ ನಿಮ್ಮ ಮುಖ ಗೊತ್ತು, ಕಂಪ್ಯೂಟರಿಗೆ ಟಿಕೆಟ್ ಮಾತ್ರ ಗೊತ್ತು. ನಿಮ್ಮ ಹಿಂದಿನ ಸೀಟಿನಲ್ಲಿ ಕೂತ ಯಾರ ಜೀವ ಆ ಬಸ್ಸನ್ನೇ ನಂಬಿದೆಯೋ!