ಒಂದು ಹತ್ತಕ್ಕೆ

ಒಂದು ಹತ್ತಕ್ಕೇ ಯಾಕೆ? ಲೈನು ಕೆಡುವುದಾದರೆ ಹತ್ತು ಗಂಟೆಗೂ ಕೆಡಬೇಕು, ಹನ್ನೆರಡಕ್ಕೂ ಕೆಡಬೇಕು. ದಿನವೂ ಒಂದು ಹತ್ತಕ್ಕೆ ಅರ್ಧ ನಿಮಿಷ ಸತ್ತು, ಏನೂ ಆಗದವರ ಹಾಗೆ ಎದ್ದು ಕೂರುವುದೆಂದರೆ? ಅಥವಾ ತಪ್ಪು ತನ್ನದೇ ಇರಬಹುದೆ? ಯಾವುದೋ ಗುಂಡಿ ಒತ್ತಿ, ಒತ್ತಿದ್ದೇ ನೆನಪಿಲ್ಲದೆ... ಅವನು ನೋಟುಬುಕ್ಕು ತೆರೆದು ಬರೆದಿಟ್ಟಿದ್ದ ಹೊತ್ತುಗಳನ್ನು ಮತ್ತೆ ನೋಡಿದ. ಸೋಮವಾರ ಒಂದು ಹತ್ತು. ಮಂಗಳವಾರ ಒಂದು ಹತ್ತು. ಬುಧವಾರ ಒಂದು ಹನ್ನೊಂದು.

ಅವನ ಕೆಲಸ ಟೈಪು ಮಾಡುವುದು. ಊರಿನ ಕಾಲೇಜೊಂದರಲ್ಲಿ ಕಿವಿ ಕೇಳದ ಹದಿನಾಲ್ಕು ವಿದ್ಯಾರ್ಥಿಗಳಿದ್ದರು. ಅಲ್ಲಿ ಮೇಡಂ ಪಾಠ ಹೇಳುತ್ತಿದ್ದರೆ ಇವನು ಈ ಪರದೇಶದಲ್ಲಿ ಕೂತು, ಹೆಡ್‌ಫೋನು ಸಿಕ್ಕಿಸಿಕೊಂಡು, ಕೇಳಿದ್ದನ್ನು ಕೇಳಿದ ಹಾಗೇ ಬಡಿಯುತ್ತಿದ್ದ. ಅದು ಆ ಕ್ಷಣವೇ ತರಗತಿಯ ಗೋಡೆಯ ಮೇಲೆ ಅಕ್ಷರವಾಗಿ ಮೂಡುತ್ತಿತ್ತು. ಲೈನು ಹೋದರೆ ಗೋಡೆ ಖಾಲಿ. ಮೇಡಂ ಬಾಯಿ ಆಡುತ್ತಲೇ ಇರುತ್ತದೆ, ಹದಿನಾಲ್ಕು ಮುಖಗಳು ಬರಿಗೋಡೆ ನೋಡುತ್ತಿರುತ್ತವೆ.

"ನಿಮ್ಮ ಕೈ ಚೆನ್ನಾಗಿದೆ, ಲೈನ್ ಚೆನ್ನಾಗಿಲ್ಲ. ಈ ತಿಂಗಳೂ ಹೀಗೇ ಆದ್ರೆ ಇಲ್ಲೇ ಯಾರನ್ನಾದ್ರೂ ನೋಡ್ಕೋಬೇಕಾಗುತ್ತೆ," ಎಂದು ಮೇಡಂ ಮೆತ್ತಗೆ ಹೇಳಿದ್ದರು. ಮೆತ್ತಗೆ ಹೇಳಿದ್ದೇ ಹೆಚ್ಚು ಚುಚ್ಚಿತ್ತು.

ಅಕ್ಕ ಬಲಗೈ ಮುರಿದುಕೊಂಡಾಗ ನೋಡಿಕೊಳ್ಳಲೆಂದು ಬಂದವನು ಅವನು. ಭಾವನದು ಹಡಗಿನ ಕೆಲಸ. ಬಂದರಿನ ವೈಫೈ ಸಿಕ್ಕ ದಿನ ಫೋನಿನಲ್ಲಿ ಅವರ ಮುಖ ಕಾಣುತ್ತಿತ್ತು, ಇಲ್ಲದಿದ್ದರೆ ಇಲ್ಲ. ಕೈಯ ಪಟ್ಟಿ ಬಿಚ್ಚಿದ್ದೇ ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಗೆ ಮತ್ತೆ ಹೊರಟಳು. ನೋಡಿಕೊಳ್ಳಲು ಬಂದವನಿಗೇ ಅನ್ನ ಮಾಡಿಟ್ಟು, ತಟ್ಟೆ ಮುಚ್ಚಿ ಹೋಗತೊಡಗಿದಳು.

ಅಕ್ಕನ ಮನೆಯಿದ್ದ ಕಟ್ಟಡದ ಇಂಟರ್‌ನೆಟ್ ಲೈನು ಕೆಟ್ಟು ಮೂರು ವಾರವಾಗಿತ್ತು. ರಿಪೇರಿಯವನ 'ನಾಳೆ' ಮುಗಿಯುತ್ತಲೇ ಇರಲಿಲ್ಲ. ಇಲ್ಲಿ ವಾಸದ ಕಾರ್ಡು ಇದ್ದವರಿಗೆ ಮಾತ್ರ ಸಿಮ್ಮು, ಅದೂ ತಲೆಗೊಂದೇ ಎಂದು ಅಂಗಡಿಯವನು ಇವನ ಪಾಸ್‌ಪೋರ್ಟನ್ನು ಹಿಂದಕ್ಕೆ ತಳ್ಳಿದ್ದ. ಆಗ ಒಂದು ಬೆಳಿಗ್ಗೆ ಅಕ್ಕ ಚೀಟಿಯೊಂದನ್ನು ಕೊಟ್ಟಳು.

"ತಗೋ. ಬೇರೆ ಲೈನ್ ಹಾಕಿಸಿದೀನಿ. ಪಾಸ್‌ವರ್ಡ್ ನಿನ್ನ ಹೆಸರೇ."

ಚೀಟಿಯಲ್ಲಿ 'ಗುಂಡ' ಎಂದಿತ್ತು, ಪಕ್ಕದಲ್ಲಿ ಅವನು ಹುಟ್ಟಿದ ಇಸವಿ.

"ಡಬ್ಬಿ ಎಲ್ಲಿಟ್ಟಿದಾರೆ?"

"ಮೇಲೆಲ್ಲೋ ಇದೆ. ನಿನಗ್ಯಾಕದು? ಬಾವಿ ನೀರು ಕುಡಿಯೋನು ಸೆಲೆ ಎಲ್ಲಿದೆ ಅಂತ ಇಳಿದು ನೋಡ್ತಾನಾ?"

ಲೈನು ಚೆನ್ನಾಗಿಯೇ ಇತ್ತು, ಆ ಒಂದು ಹತ್ತನ್ನು ಬಿಟ್ಟರೆ.

ಬುಧವಾರ ಸಂಜೆ ಅಕ್ಕ ಬಂದವಳೇ ಎಂದಿನಂತೆ ಮೊದಲು ತನ್ನ ಕೋಣೆಗೆ ಹೋಗಿ, ಬಟ್ಟೆ ಬದಲಿಸಿ, ಫೋನು ಹಿಡಿದು ಹೊರಬಂದಳು. ಅವನು ಸಿಡುಕಿದ.

"ಮೊಟ್ಟೆ ಮುಗಿದಿದೆ, ತಾ ಅಂತ ಬೆಳಿಗ್ಗೇನೇ ಮೆಸೇಜ್ ಹಾಕಿದ್ದೆ. ನೋಡೋಕೇನು ಧಾಡಿ ನಿನಗೆ?"

"ಒಗೆಯೋ ಕಡೆ ಫೋನ್ ಮುಟ್ಟೋಕಾಗುತ್ತೇನೋ? ಕೈಯೆಲ್ಲ ಒದ್ದೆ."

"ಊಟಕ್ಕೆ ಬಿಡಲ್ವಾ?"

"ಬಿಡ್ತಾರೆ. ಊಟ ಮಾಡ್ತೀನಿ."

ಆಮೇಲೆ ಅವಳು ಅಮ್ಮನಿಗೆ ಫೋನು ಹಚ್ಚಿ ಇವನ ಕೈಗೆ ಕೊಟ್ಟು ಅಕ್ಕಿ ತೊಳೆಯಲು ಹೋದಳು. ಅಮ್ಮ ಕಾದೇ ಕೂತಿದ್ದಳು. "ನಿಮ್ಮಕ್ಕಂಗೆ ಸೊಕ್ಕು ಬಂದಿದೆ ಕಣೋ. ಮೂರು ವರ್ಷದಿಂದ ನಿಮ್ಮಲ್ಲಿ ಒಂದು ಹತ್ತು ಆಗ್ತಿದ್ದ ಹಾಗೆ, ಅವಳ ಊಟದ ಹೊತ್ತಿಗೆ, ಒಂದು ಮಿಸ್ ಕಾಲ್ ಕೊಡ್ತೀನಿ. ಕೊಟ್ಟ ತಕ್ಷಣ ತಾನೇ ಮಾಡೋಳು. ಉಣ್ತಾ ಉಣ್ತಾ ಮಾತಾಡೋಳು. ಈಗೇನೋ ಸಂಜೆವರೆಗೂ ಕಾಯಿಸ್ತಾಳೆ. ಅಲ್ಲಿ ಯಾರ ಜೊತೆ ಕೂತು ಉಣ್ತಾಳೋ, ಕೇಳು."

ಅವನು ಫೋನನ್ನು ಅಕ್ಕನಿಗೆ ಒಯ್ದು ಕೊಟ್ಟ. ಒಂದು ಹತ್ತು ಎಂಬ ಮಾತು ಕಿವಿಯಲ್ಲೇ ಉಳಿದುಬಿಟ್ಟಿತ್ತು.

ಮರುದಿನ ಒಂದು ಹತ್ತಕ್ಕೆ ಮೇಡಂ ದನಿ ಕಡಿಯಿತು. ಅವನು ಹೆಡ್‌ಫೋನು ಕಿತ್ತಿಟ್ಟು ನೇರ ಅಕ್ಕನ ಕೋಣೆಗೆ ನಡೆದ. ಬೀರುವಿನ ಹಿಂದಿನಿಂದ ಬಿಳಿ ವೈರೊಂದು ಮೇಲೇರಿತ್ತು. ಮೇಲೆ ಉಲ್ಲನ್ ಟೋಪಿಗಳ ಬುಟ್ಟಿ. ಟೋಪಿಗಳ ನಡುವೆ, ಜ್ವರ ಬಂದ ಮಗುವಿನ ಹಾಗೆ ಬಿಸಿಯಾಗಿ, ಅಕ್ಕನ ಫೋನು, ಹಾಟ್‌ಸ್ಪಾಟ್ ಹಚ್ಚಿಟ್ಟದ್ದು. ಹಳೆಯದು, ಕರೆ ಬಂದರೆ ಇಂಟರ್‌ನೆಟ್ಟನ್ನು ಕೈಬಿಟ್ಟು ಕರೆಯನ್ನು ಹಿಡಿದುಕೊಳ್ಳುವ ಜಾತಿ. ಪರದೆಯ ಮೇಲೆ 'ಅಮ್ಮ' ಎಂಬ ಹೆಸರು ಇನ್ನೂ ಬೆಳಗುತ್ತಿತ್ತು. ಅದರ ಕೆಳಗೆ, ಬೆಳಿಗ್ಗೆ ಹನ್ನೊಂದಕ್ಕೆ ಬಂದು ಹೋಗಿದ್ದ ಎರಡು ವಿಡಿಯೋ ಕಾಲು. ಹೆಸರಿನ ಜಾಗದಲ್ಲಿ 'ಇವರು' ಎಂದಿತ್ತು.

ಹಡಗು ಯಾವುದೋ ಬಂದರು ಮುಟ್ಟಿತ್ತು. ಇಷ್ಟು ಹೊತ್ತಿಗೆ ಬಿಟ್ಟೂ ಇರಬಹುದು.

ಪಕ್ಕದ ಕೋಣೆಯ ಹೆಡ್‌ಫೋನಿನಿಂದ ಮೇಡಂ ದನಿ ಸಣ್ಣಗೆ ಕೇಳತೊಡಗಿತು. ಅವನು ಫೋನನ್ನು ಇದ್ದ ಹಾಗೇ, ಕೆಂಪು ಟೋಪಿಯ ಕೆಳಗೆ ಇಟ್ಟು, ಓಡಿಹೋಗಿ ಕೂತು ಬಡಿಯತೊಡಗಿದ. ಆವತ್ತು ಎಂದೂ ಆಗದಷ್ಟು ಅಕ್ಷರ ತಪ್ಪಾಯಿತು.

ಎರಡು ಬೀದಿ ಆಚೆ ಲೈಬ್ರರಿಯಿತ್ತು. ಅಲ್ಲಿನ ಲೈನು ಗಟ್ಟಿ. ಆದರೆ ಅದರ ಬಾಗಿಲು ತೆರೆಯುವುದು ಹತ್ತಕ್ಕೆ, ಪಾಠ ಶುರುವಾಗುವುದು ಇಲ್ಲಿಯ ಒಂಬತ್ತೂವರೆಗೆ, ಊರಲ್ಲಿ ಆಗ ಮಧ್ಯಾಹ್ನ. ಅರ್ಧ ಗಂಟೆ ಮುಂದೆ ಹಾಕಿ ಎಂದು ಕೇಳಲು ಅವನಿಗೆ ಇಷ್ಟು ದಿನ ಬಾಯಿ ಬಂದಿರಲಿಲ್ಲ. ಕೇಳಲು ಹೋಗಿ ಇರುವ ಕೆಲಸವೂ ಹೋದರೆ? ದಾರಿ ಕೇಳುವುದಕ್ಕಿಂತ ಊರೆಲ್ಲ ಸುತ್ತಿ ಬರುವುದೇ ವಾಸಿ ಎನ್ನುವ ಜಾತಿ ಅವನು. ಪಾಠ ಮುಗಿದ ಮೇಲೆ, ಗಂಟಲು ಸರಿಮಾಡಿಕೊಂಡು, ಕೇಳಿದ.

"ಅರ್ಧ ಗಂಟೆ ತಾನೆ?" ಮೇಡಂ ನಕ್ಕರು. "ಹುಡುಗರು ನಿಧಾನಕ್ಕೆ ಉಂಡಾದ್ರೂ ಬರ್ತಾರೆ. ಇಷ್ಟು ಕೇಳೋಕೆ ಒಂದು ತಿಂಗಳು ಬೇಕಾಯ್ತಾ ನಿಮಗೆ?"

ಆ ಸಂಜೆ ಅಕ್ಕ ಕೋಣೆಯಿಂದ ಹೊರಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದವಳು ಈರುಳ್ಳಿ ಹೆಚ್ಚಲು ಕೂತಳು.

"ನಾಳೆಯಿಂದ ಲೈಬ್ರರಿಗೆ ಹೋಗ್ತೀನಿ ಕಣೇ. ಈ ಕುರ್ಚೀಲಿ ಕೂತು ಕೂತು ಬೆನ್ನು ಹಿಡಿದಿದೆ."

ಚಾಕು ನಿಂತಿತು. "ಲೈನ್ ಏನಾದ್ರೂ ತೊಂದರೆ ಕೊಡ್ತಾ?"

"ಲೈನ್ ಬಂಗಾರದಂಥದ್ದು. ಕುರ್ಚಿದೇ ತಕರಾರು."

"ಇಪ್ಪತ್ತೆಂಟಕ್ಕೇ ಬೆನ್ನು ನೋವಾ? ಮುದುಕಪ್ಪಾ!" ಎಂದಳು. ಆಮೇಲೆ, ಈರುಳ್ಳಿಯನ್ನೇ ನೋಡುತ್ತಾ, "ಹಾಗಾದ್ರೆ ಆ ಲೈನ್ ತೆಗೆಸಿಬಿಡ್ಲಾ?"

"ತೆಗೆಸಿಬಿಡು."

ಅವಳು ತಲೆಯೆತ್ತಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಕಣ್ಣಲ್ಲಿ ನೀರಿತ್ತು, ಎದುರಿಗೆ ಈರುಳ್ಳಿಯೂ ಇತ್ತು. ಚಾಕು ಮತ್ತೆ ಆಡತೊಡಗಿತು.

ಮರುದಿನ ಲೈಬ್ರರಿಯ ಕಿಟಕಿ ಪಕ್ಕದ ಮೇಜಿನಲ್ಲಿ ಒಂದು ಹತ್ತಾಯಿತು. ಅವನ ಕಣ್ಣು ಗಡಿಯಾರಕ್ಕೆ ಹೋಯಿತು, ಬೆರಳು ನಿಲ್ಲಲಿಲ್ಲ. ಒಂದು ಹನ್ನೊಂದಾಯಿತು. ಮೇಡಂ ಹೇಳುತ್ತಲೇ ಇದ್ದರು, ಗೋಡೆ ತುಂಬುತ್ತಲೇ ಇತ್ತು.

ಪಾಠ ಮುಗಿಸಿ ಫೋನು ನೋಡಿದಾಗ ಒಂದು ಇಪ್ಪತ್ತಕ್ಕೆ ಬಂದ ಅಕ್ಕನ ಮೆಸೇಜಿತ್ತು: "ಅಮ್ಮನ ಹತ್ರ ಬೈಸ್ಕೊಂಡಿದ್ದಾಯ್ತು. ಮೊಟ್ಟೆ ಎಷ್ಟು ತರ್ಲಿ?"

ಹನ್ನೆರಡು ಎಂದು ಬರೆದ. ಬುಟ್ಟಿಯಲ್ಲಿ ಫೋನು ಕಂಡೆನೆಂದು ಅವನು ಅಕ್ಕನಿಗೆ ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.