ಅಳಿವೆಯಲ್ಲಿ ಒಬ್ಬನನ್ನೇ ಹೊತ್ತೆ

ನಾನು ಒಂದು ಲೈಫ್ ಜಾಕೆಟ್. ಮಂಗಳೂರಿನ ಹೊರವಲಯದ ಒಂದು ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ಅಲ್ಲಿ ಹೆಂಗಸರು ಸಾಲಾಗಿ ಕೂತು ಹೊಲಿಗೆ ಯಂತ್ರ ನಡೆಸುತ್ತಿದ್ದರು. ದಪ್ಪ ಫೋಮ್ ಹಾಳೆಗಳನ್ನು ಕಿತ್ತಳೆ ಬಣ್ಣದ ಬಟ್ಟೆಯೊಳಗೆ ತುಂಬಿ ನಾಲ್ಕೂ ಕಡೆ ಹೊಲಿದರು. ಭುಜಕ್ಕೆ ಎರಡು ಪಟ್ಟಿ, ಎದೆಗೆ ಮೂರು ಬಕಲ್ಲು. ನನ್ನನ್ನು ಹೊಲಿದವಳು ಕೊನೆಯ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿ, ನನ್ನನ್ನು ರಾಶಿಗೆ ಎಸೆದು ಇನ್ನೊಂದನ್ನು ಎತ್ತಿಕೊಂಡಳು.

ಮೊದಲ ಎರಡು ವರ್ಷ ಒಂದು ವಿಹಾರದೋಣಿಯಲ್ಲಿ ಕಳೆದೆ. ಪ್ರವಾಸಿಗರು ನನ್ನನ್ನು ಮೂಗು ಮುಚ್ಚಿಕೊಂಡು ಹಾಕಿಕೊಳ್ಳುತ್ತಿದ್ದರು, ಫೋಟೋ ತೆಗೆಸಿಕೊಂಡ ಕೂಡಲೇ ಬಿಚ್ಚುತ್ತಿದ್ದರು. ಹೊಸ ಜಾಕೆಟ್ಟುಗಳು ಬಂದಾಗ ದೋಣಿಯ ಮಾಲೀಕ ನನ್ನನ್ನು ಗೋಣಿಚೀಲದಲ್ಲಿ ತುಂಬಿ ಹಿಂದಿನ ಕೋಣೆಗೆ ಹಾಕಿದ. ಅಲ್ಲಿಂದ ನನ್ನನ್ನು ಕೇಳಿ ಪಡೆದುಕೊಂಡು ಹೋದವನು ಲಿಂಬಾನಿ.

ಲಿಂಬಾನಿ ಆಫ್ರಿಕದ ಮಲಾವಿ ದೇಶದವನು. ಇಪ್ಪತ್ತಾರು ವರ್ಷ, ಎತ್ತರದ ಆಳು, ಮೆಲ್ಲಗೆ ಮಾತಾಡುವವನು. ಮೀನುಗಾರಿಕೆ ಓದಲು ನಮ್ಮ ಕರಾವಳಿಗೆ ಬಂದಿದ್ದ. ಅವನ ದೇಶಕ್ಕೆ ಕಡಲಿಲ್ಲ, ಕಡಲಿನಷ್ಟೇ ದೊಡ್ಡದೊಂದು ಸರೋವರವಿದೆ. ಆ ಸರೋವರದಲ್ಲಿ ಅವನ ಅಣ್ಣ ಮುಳುಗಿ ಸತ್ತಿದ್ದ. ಹೊರಡುವ ದಿನ ತಾಯಿ ಒಂದೇ ಮಾತು ಹೇಳಿದ್ದಳಂತೆ: ಜಾಕೆಟ್ ಇಲ್ಲದೆ ದೋಣಿಗೆ ಕಾಲಿಡಬೇಡ. ಲಿಂಬಾನಿಗೆ ಈಜು ಬರುತ್ತಿರಲಿಲ್ಲ.

ಅಳಿವೆಯ ಚಿಪ್ಪಿಗಳ ಬಗ್ಗೆ ಅವನು ಪ್ರಬಂಧ ಬರೆಯಬೇಕಿತ್ತು. ಅದಕ್ಕಾಗಿ ಕುಂದಾಪುರದ ಕಡೆಯ ತೆಂಕಕೋಡಿ ಎಂಬ ಊರಿಗೆ ಬಂದ. ಹೊಳೆ ಕಡಲನ್ನು ಸೇರುವ ಜಾಗ ಅದು. ಬಾಡಿಗೆಗೆ ಕೋಣೆ ಕೇಳುತ್ತ ಮೂರು ದಿನ ಅಲೆದ. ನಾನು ಅವನ ಚೀಲದ ಮೇಲೆ ಕಟ್ಟಿಸಿಕೊಂಡು ಜೊತೆಗೇ ಇದ್ದೆ. ಅವನನ್ನು ಕಂಡ ಕೂಡಲೇ ಬಾಗಿಲುಗಳು ಅರ್ಧ ಮುಚ್ಚುತ್ತಿದ್ದವು. ಒಬ್ಬರು ಸಂಸಾರಸ್ಥರಿಗೆ ಮಾತ್ರ ಎಂದರು. ಇನ್ನೊಬ್ಬರು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಬಸ್ಸಿನಲ್ಲಿ ಜನ ನಿಂತಿದ್ದರೂ ಅವನ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಆ ಸೀಟಿನಲ್ಲಿ ನಾನು ಕೂರುತ್ತಿದ್ದೆ.

ನಾಲ್ಕನೆಯ ದಿನ ಹೊಳೆದಂಡೆಯಲ್ಲಿ ಬಲೆ ಒಣಗಿಸುತ್ತಿದ್ದ ಹೆರಿಯ ಮೊಗವೀರ ಎಂಬವನು ಅವನನ್ನು ಮೇಲಿಂದ ಕೆಳಗೆ ನೋಡಿದ. ಐವತ್ತೈದರ ಗಟ್ಟಿ ಆಳು.

"ಎಲ್ ಉಳ್ಕಂತೆ?"

"ಗೊತ್ತಿಲ್ಲ ಅಣ್ಣ," ಎಂದ ಲಿಂಬಾನಿ, ಕಲಿತಿದ್ದ ಅಷ್ಟಿಷ್ಟು ಕನ್ನಡದಲ್ಲಿ.

"ನಮ್ ಮನಿ ಜಗ್ಲಿ ಬದಿಗ್ ಒಂದ್ ಕೋಣಿ ಇತ್ತ್. ಮೀನ್ ವಾಸ್ನಿ ಆತ್ ಅಂದ್ರೆ ನಾ ಎಂತ ಮಾಡುಕ್ ಆತಿಲ್ಲೆ."

ಹೀಗೆ ನಾನು ಹೆರಿಯನ ಜಗಲಿಯ ಗೂಟಕ್ಕೆ ನೇತುಬಿದ್ದೆ. ಆ ಮನೆಯಲ್ಲಿ ಗಂಡ, ಹೆಂಡತಿ ಇಬ್ಬರೇ. ಮಕ್ಕಳಿರಲಿಲ್ಲ. ಹೆಂಡತಿ ಅಕ್ಕಣಿ ಮಾತು ಕಡಿಮೆ ಆಡುವವಳು. ಮೊದಲ ದಿನ ಗಂಜಿಯ ಬಟ್ಟಲನ್ನು ಲಿಂಬಾನಿಯ ಮುಂದೆ ಇಟ್ಟು ದೂರ ನಿಂತಳು. ಒಂದು ವಾರ ಕಳೆಯುವಷ್ಟರಲ್ಲಿ ಅವನ ಪಕ್ಕವೇ ಕೂತು ಬಂಗುಡೆಯ ಮುಳ್ಳು ಬಿಡಿಸುವುದನ್ನು ಕಲಿಸುತ್ತಿದ್ದಳು.

ಲಿಂಬಾನಿ ನಮ್ಮ ಕರಾವಳಿಯನ್ನು ಕಾಲಿನಿಂದಲೇ ಓದಿದ. ನೀರಿಳಿದಾಗ ಚಿಪ್ಪಿ ಹೆಕ್ಕುವ ಹೆಂಗಸರ ಹಿಂದೆ ಸೊಂಟದವರೆಗಿನ ನೀರಿನಲ್ಲಿ ನಡೆದ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ನಡುವೆ ಕೆಸರು ಅಗೆದು ಡಬ್ಬಿಗಳಲ್ಲಿ ತುಂಬಿದ. ಬೆನ್ನಹಿಂದೆ ಕೆಲವರು ಏನೇನೋ ಕರೆಯುತ್ತಿದ್ದರು. ಅವನಿಗೆ ಅಷ್ಟು ಹೊತ್ತಿಗೆ ಅದು ಅರ್ಥವಾಗುವಷ್ಟು ಕನ್ನಡ ಬಂದಿತ್ತು. ತಿರುಗಿ ನೋಡುತ್ತಿರಲಿಲ್ಲ.

ವಾರಕ್ಕೆರಡು ಸಲ ಹೆರಿಯನ ಸಣ್ಣ ದೋಣಿಯಲ್ಲಿ ಅಳಿವೆಯ ಬಾಯಿಯವರೆಗೆ ಹೋಗಿ ನೀರಿನ ಉಪ್ಪು ಅಳೆಯಬೇಕಿತ್ತು. ನನ್ನನ್ನು ಹಾಕಿಕೊಂಡು ಮೂರೂ ಬಕಲ್ಲು ಬಿಗಿದು ಕೂರುವ ಅವನನ್ನು ಕಂಡು ಹೆರಿಯನಿಗೆ ನಗು.

"ಇದೆಂತ ಮಾರಾಯ, ಹಾಸ್ಗಿ ಕಟ್ಕಂಡ್ ಬಂದಿಯಲ್ಲ."

"ನಿಮಗೂ ಒಂದು ತರುತ್ತೇನೆ ಅಣ್ಣ."

"ನಂಗಾ? ನಂಗೆ ನಡೆಯುಕ್ ಕಲ್ಸಿದ್ದೇ ಈ ಹೊಳಿ. ಬ್ಯಾಡ."

ಲಿಂಬಾನಿ ತರುತ್ತೇನೆ ಎಂದದ್ದು ಒಂದೇ ಸಲವಲ್ಲ. ಆದರೆ ತರಲಿಲ್ಲ. ಪ್ರತಿ ಸಲ ಮುಂದಿನ ವಾರ ಎಂದುಕೊಂಡ.

ಮೇ ತಿಂಗಳ ಕೊನೆ ಬಂತು. ಇನ್ನು ನಾಲ್ಕೈದು ದಿನಗಳಲ್ಲಿ ದೋಣಿಗಳನ್ನು ದಡಕ್ಕೆಳೆಯುವ ಕಾಲ. ಲಿಂಬಾನಿಗೆ ಇನ್ನೊಂದೇ ಅಳತೆ ಬಾಕಿ ಇತ್ತು. ಬೆಳಿಗ್ಗೆ ಹೆರಿಯ ಅಂಗಳದಲ್ಲಿ ನಿಂತು ಪಡುವಣ ದಿಕ್ಕನ್ನು ಬಹಳ ಹೊತ್ತು ನೋಡಿದ.

"ಇವತ್ ಬ್ಯಾಡ. ಗಾಳಿ ಸಮ ಇಲ್ಲೆ."

"ಒಂದೇ ಒಂದು ಬಾಟಲಿ ನೀರು ಅಣ್ಣ. ಇವತ್ತು ಬಿಟ್ಟರೆ ಮಳೆಗಾಲ. ನನ್ನ ಒಂದು ವರ್ಷ ಹೋಗುತ್ತದೆ."

ಹೆರಿಯ ಅಂಗಳದ ಬಲೆಯನ್ನು ಮಡಚತೊಡಗಿದ. ಲಿಂಬಾನಿ ಮತ್ತೆ ಕೇಳಿದ. ಒಲೆಯ ಮುಂದಿದ್ದ ಅಕ್ಕಣಿ ಬಾಗಿಲಿಗೆ ಬಂದು ಗಂಡನ ಮುಖ ನೋಡಿದಳು. ಹೆರಿಯ ಟವೆಲ್ಲನ್ನು ತಲೆಗೆ ಸುತ್ತಿದ. "ಹೋಯ್ ಬತ್ತೆ. ಒಂದ್ ಗಳಿಗಿ," ಎಂದ.

ಅಳಿವೆಯ ಬಾಯಲ್ಲಿ ಬಾಟಲಿ ತುಂಬಿಯಾಗಿತ್ತು. ದೋಣಿ ತಿರುಗಿಸುವಾಗ ಎಂಜಿನ್ನು ಕೆಮ್ಮಿ ನಿಂತಿತು. ಹೊಳೆಯ ಸೆಳೆತ ನಮ್ಮನ್ನು ಮರಳದಿಬ್ಬದ ಕಡೆಗೆ ಎಳೆಯಿತು. ಅಲ್ಲಿ ಅಲೆಗಳು ಒಂದರ ಮೇಲೊಂದು ಒಡೆಯುತ್ತಿದ್ದವು. ಹೆರಿಯ ಹುಟ್ಟು ಹಿಡಿದು ದೋಣಿಯ ಮೂತಿಯನ್ನು ಅಲೆಗೆ ನೇರ ಮಾಡಲು ಹೆಣಗಿದ. ಎರಡು ಅಲೆ ದಾಟಿದೆವು. ಮೂರನೆಯದು ಪಕ್ಕದಿಂದ ಬಂತು.

ದೋಣಿ ಮಗುಚುವಾಗ ಅದರ ಅಂಚು ಹೆರಿಯನ ತಲೆಗೆ ಬಡಿಯಿತು. ನಾನು ಲಿಂಬಾನಿಯನ್ನು ಮೇಲಕ್ಕೆ ತಂದೆ. ಮುಳುಗದಿರುವುದು, ನನಗೆ ಬರುವುದು ಅದೊಂದೇ ಕೆಲಸ. ಹೆರಿಯನೂ ಪಕ್ಕದಲ್ಲೇ ಮೇಲೆ ಬಂದ. ಹಣೆಯಿಂದ ರಕ್ತ ಹರಿಯುತ್ತಿತ್ತು, ಕಣ್ಣು ಎಲ್ಲಿಯೋ ನೋಡುತ್ತಿತ್ತು, ಒಂದು ಕೈ ಆಡುತ್ತಿರಲಿಲ್ಲ. ಇನ್ನೊಂದು ಕೈಯಿಂದ ನನ್ನ ಎಡಭುಜದ ಪಟ್ಟಿಯನ್ನು ಹಿಡಿದ.

ಇಬ್ಬರ ಭಾರಕ್ಕೆ ನಾನು ಕುಸಿದೆ. ಲಿಂಬಾನಿಯ ಮೂಗು ನೀರಿನೊಳಗೆ ಹೋಯಿತು. ಅವನು ಕುಡಿದ, ಕೆಮ್ಮಿದ, ಮತ್ತೆ ಕುಡಿದ. ಆಮೇಲೆ ಅವನ ಕೈ ನನ್ನ ಪಟ್ಟಿಯ ಮೇಲೆ ಬಂತು. ಹೆರಿಯನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿತು.

"ಮಗಾ, ಒಂಚೂರ್ ನಿಲ್ಲ್," ಎಂದ ಹೆರಿಯ.

ಲಿಂಬಾನಿ ನಿಲ್ಲಲಿಲ್ಲ. ಹೆರಿಯನ ಉಗುರುಗಳು ಅವನ ಮಣಿಕಟ್ಟನ್ನು ಗೀರಿ ಜಾರಿದವು. ನಾನು ಹಗುರಾದೆ. ಮೇಲೆದ್ದೆ. ಹೆರಿಯ ಮತ್ತೆ ಕಾಣಲಿಲ್ಲ.

ದೂರದಲ್ಲಿ ಬಲೆ ಹಾಕುತ್ತಿದ್ದ ಮೀನುಗಾರರು ನಮ್ಮನ್ನು ಕಂಡು ಬಂದು ಹಗ್ಗ ಎಸೆದು ಎಳೆದುಕೊಂಡರು. ಹೆರಿಯನ ಹೆಣ ಎರಡು ದಿನದ ಮೇಲೆ ಬಡಗಣ ಮರಳಿನಲ್ಲಿ ಸಿಕ್ಕಿತು. ಪೊಲೀಸರು ಕೇಳಿದಾಗ ಲಿಂಬಾನಿ, "ಅವರು ಕೈ ಬಿಟ್ಟರು" ಎಂದಷ್ಟೇ ಹೇಳಿದ. ಕೇಳಿದವರು ಅದನ್ನು ತಮಗೆ ಬೇಕಾದಂತೆ ತಿಳಿದುಕೊಂಡರು. ಹುಡುಗನನ್ನು ಉಳಿಸಲು ಹೆರಿಯ ತಾನೇ ಕೈ ಬಿಟ್ಟನೆಂದು ಊರೆಲ್ಲ ಆಡಿಕೊಂಡಿತು. ಪತ್ರಿಕೆಯಲ್ಲೂ ಹಾಗೆಯೇ ಬಂತು. ಮೊದಲು ಬಾಗಿಲು ಮುಚ್ಚಿದ್ದವರೇ ಬಂದು ಲಿಂಬಾನಿಯ ಬೆನ್ನು ಸವರಿದರು. ಅವನು ಊಟ ಬಿಟ್ಟ. ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ.

ಹದಿಮೂರನೆಯ ದಿನದ ಕಾರ್ಯ ಮುಗಿದು ನೆಂಟರು ಹೋದ ಮಾರನೆಯ ಮಧ್ಯಾಹ್ನ, ಅಕ್ಕಣಿ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಲಿಂಬಾನಿ ಅವಳ ಮುಂದೆ ನೆಲದ ಮೇಲೆ ಕೂತ.

"ಅಕ್ಕ, ಅಣ್ಣ ಕೈ ಬಿಡಲಿಲ್ಲ. ನಾನು ಬಿಡಿಸಿದೆ."

ಅಕ್ಕಣಿಯ ಬೆರಳು ಮೊರದ ಮೇಲೆ ಆಡುತ್ತಲೇ ಇತ್ತು. ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು.

"ನಂಗೊತ್ತಿತ್," ಎಂದಳು. "ನಿನ್ ಕೈಗ್ ಅರ್ಸಿನ ಹಚ್ಚಿದ್ದ್ ಯಾರ್? ನಾನೇ ಅಲ್ದಾ. ಉಗ್ರಿನ್ ಗಾಯ ಯಾವ್ದ್, ಹಗ್ಗದ್ ಗಾಯ ಯಾವ್ದ್ ಅಂದೇಳಿ ನಂಗ್ ಗೊತ್ತಾತಿಲ್ಯಾ?"

ಲಿಂಬಾನಿ ತಲೆ ತಗ್ಗಿಸಿದ.

"ಊರಿನ್ ಎದ್ರ್ ಹೇಳ್ಬೇಡ. ನಿನ್ನ ಬಡ್ದ್ ಹಾಕ್ತ್ರ್. ನಿನ್ ಹೆತ್ತ ಅಬ್ಬಿಗ್ ನೀನೊಬ್ನೇ ಮಗ ಉಳ್ದದ್, ಅಲ್ದಾ? ಊರಿಗ್ ಹೋಗ್. ನಾ ಶಾಪ ಹಾಕುದಿಲ್ಲೆ. ಆದ್ರೆ ಇನ್ನೊಂದ್ ಸಲ ಈ ಮೆಟ್ಲ್ ಹತ್ಬೇಡ."

ಅವನು ಡಬ್ಬಿಗಳನ್ನೂ ಬಟ್ಟೆಗಳನ್ನೂ ತುಂಬಿಕೊಂಡು ನನ್ನ ಕಡೆಗೆ ಕೈ ಚಾಚಿದಾಗ ಅಕ್ಕಣಿ ಎದ್ದು ನಿಂತಳು.

"ಅದ್ ಇಲ್ಲೇ ಇರ್ಲಿ. ಅವ್ರ್ ಕಡಿ ಗಳಿಗಿಗ್ ಹಿಡ್ದದ್ ಅದನ್ನೇ."

ಲಿಂಬಾನಿ ಪ್ರಬಂಧ ಮುಗಿಸದೆ ತನ್ನ ದೇಶಕ್ಕೆ ಮರಳಿದನೆಂದು ಆಮೇಲೆ ಕೇಳಿದೆ. ಮುಂದಿನ ಮೇ ತಿಂಗಳಲ್ಲಿ ಒಂದು ಫೋನು ಬಂತು. ಅವನ ದನಿ ಕೇಳಿದ ಕೂಡಲೇ ಅಕ್ಕಣಿ ಇಟ್ಟುಬಿಟ್ಟಳು. ಅದರ ಮುಂದಿನ ವರ್ಷ ಇಡಲಿಲ್ಲ. "ನಿನ್ ಅಬ್ಬಿ ಹ್ಯಾಂಗಿದ್ರ್?" ಎಂದಳು. ಮೂರನೆಯ ವರ್ಷ ಫೋನು ಬರಲಿಲ್ಲ. ಆ ತಿಂಗಳು ಮುಗಿಯುವವರೆಗೆ ಅವಳು ಫೋನನ್ನು ಸೆರಗಿಗೆ ಕಟ್ಟಿಕೊಂಡು ತಿರುಗಿದಳು.

ಗಂಡ ಹೋದಮೇಲೆ ಅಕ್ಕಣಿಯೂ ಚಿಪ್ಪಿ ಹೆಕ್ಕಲು ಹೊರಟಳು. ಅಂದು ಹೆರಿಯನ ಎಳೆತಕ್ಕೆ ಹರಿದಿದ್ದ ನನ್ನ ಎಡಭುಜದ ಪಟ್ಟಿಯನ್ನು ಬಲೆಯ ನೂಲಿನಿಂದ ಹೊಲಿದು, ಸೀರೆಯ ಮೇಲೆ ನನ್ನನ್ನು ಹಾಕಿಕೊಂಡಳು. ಮೊದಮೊದಲು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನೀರು ಎದೆಯವರೆಗೆ ಬಂದಾಗ ಅವಳ ಉಸಿರು ಬಿಗಿಯಾಗುವುದು ನನಗೆ ಮಾತ್ರ ತಿಳಿಯುತ್ತಿತ್ತು. ಅವಳಿಗೂ ಈಜು ಬರುವುದಿಲ್ಲ.

ಒಂಬತ್ತು ವರ್ಷ ಕಳೆದವು. ಕಿತ್ತಳೆ ಬಣ್ಣ ಬಿಳುಚಿ ಮಾಸಲಾಗಿದೆ. ಬಕಲ್ಲುಗಳಲ್ಲಿ ಎರಡು ಮುರಿದಿವೆ, ಅಲ್ಲಿ ಹಗ್ಗ ಕಟ್ಟಿದ್ದಾಳೆ. ಹೊರಗೆ ಕಾಣುವ ಮುದಿತನ ಇಷ್ಟೇ. ಒಳಗಿನ ಫೋಮ್ ಚಪ್ಪಟೆಯಾಗಿ ಪುಡಿಪುಡಿಯಾಗಿದೆ. ನೀರಿಗಿಳಿದ ಗಳಿಗೆಯಿಂದಲೇ ಕುಡಿಯತೊಡಗುತ್ತೇನೆ. ಕಳೆದ ವಾರ ಅವಳು ನನ್ನನ್ನು ಹಿಂಡಿ ಒಣಹಾಕುವಾಗ ಹೊಳೆಯ ನೀರು ಅಂಗಳದಲ್ಲಿ ಹರಿದು ಹೋಯಿತು. ಬಟ್ಟೆ ಹೀರಿದ ನೀರೆಂದೇ ಅವಳು ತಿಳಿದಳು.

ಒಬ್ಬನನ್ನು ಬದುಕಿಸಿದ್ದೇನೆ. ಅದಕ್ಕೆ ಹೆಮ್ಮೆಪಡಲು ನನಗೆ ಎಂದೂ ಸಾಧ್ಯವಾಗಿಲ್ಲ. ಅಂದು ಇಬ್ಬರನ್ನು ಹೊರಲಾಗಲಿಲ್ಲ, ಇಂದು ಒಬ್ಬಳನ್ನೂ ಹೊರಲಾರೆ.

ಇವತ್ತು ಅಮಾವಾಸ್ಯೆಯ ಇಳಿತ, ನೀರು ಬಹಳ ಹಿಂದೆ ಸರಿದಿದೆ. ಹೆಂಗಸರು ಅಳಿವೆಯ ಬಾಯಿಯವರೆಗೂ ಹೋಗುವುದಾಗಿ ಮಾತಾಡಿಕೊಂಡಿದ್ದಾರೆ. ಅಕ್ಕಣಿ ಬುಟ್ಟಿ ಎತ್ತಿಕೊಂಡು ಜಗಲಿಗೆ ಬಂದಳು. ನನ್ನನ್ನು ಗೂಟದಿಂದ ತೆಗೆದು ಕೊಡವಿ ಹೆಗಲಿಗೇರಿಸಿದಳು. ಹಗ್ಗವನ್ನು ಎರಡು ಸಲ ಬಿಗಿದು ಗಂಟು ಹಾಕಿ, ಎಳೆದು ನೋಡಿ, ಸಮ ಆಯಿತೆಂದು ತಲೆಯಾಡಿಸಿ ಮೆಟ್ಟಿಲಿಳಿದಳು.