ಇನ್ನೊಂದು ಚೆಂಬು ನೀರು

“ರೆಡಿ ಅಂದ್ರೆ ಬೇರೆ, ವಿಲ್ಲಿಂಗ್ ಅಂದ್ರೆ ಬೇರೆ ತಾತ. ವಿಲ್ಲಿಂಗ್ ಅಂದ್ರೆ ಮಾಡೋಕೆ ಮನಸ್ಸಿರೋದು. ಎಲ್ಲಿ, ಒಂದು ಸೆಂಟೆನ್ಸ್ ಹೇಳು ನೋಡೋಣ,” ಎಂದಳು ರಂಜಿನಿ.

ರಿಟೈರಾದ ಮೇಲೆ ಮೊಮ್ಮಗಳಿಂದ ದಿನಕ್ಕೊಂದು ಇಂಗ್ಲಿಷ್ ಪದ ಕಲಿಯುವ ಚಟ ಹತ್ತಿಸಿಕೊಂಡಿದ್ದ ಚಿಕ್ಕಹನುಮಯ್ಯ ಗಂಟಲು ಸರಿಮಾಡಿಕೊಂಡ. “ಅಂಜನಮ್ಮ ಈಸ್ ವಿಲ್ಲಿಂಗ್ ಟು ಗಿವ್ ಫ್ರಂಟ್ ರೂಮ್!”

ಮೂಡಲಪಾಳ್ಯದ ಮನೆಯ ಬೀದಿ ಕಡೆಯ ಕೋಣೆಯನ್ನು ಸಿದ್ದೇಶನ ಮೊಬೈಲ್ ಅಂಗಡಿಗೆ ಬಾಡಿಗೆ ಕೊಡುವ ಮಾತಾಗಿತ್ತು. ಬೆಳಗಾದರೆ ಶಟರ್ ಕೂರಿಸುವವರು ಬರುತ್ತಾರೆ. ಚಿಕ್ಕಹನುಮಯ್ಯನ ಹೆಂಡತಿ ಅಂಜನಮ್ಮ ಆ ಕೋಣೆಯ ಕಿಟಕಿಯಲ್ಲೇ ಕೂತು ರವಿಕೆ ಹೊಲಿಯುತ್ತಾ, ಹೋಗುವವರು ಬರುವವರನ್ನೆಲ್ಲ ಮಾತಾಡಿಸುತ್ತಾ ಬಂದವಳು. ಅವಳ ಹೊಲಿಗೆ ಮಷೀನನ್ನು ಗಂಡ ಮಧ್ಯಾಹ್ನವೇ ಹಿಂದಿನ ಕತ್ತಲೆ ಕೋಣೆಗೆ ತಳ್ಳಿದ್ದ.

“ಅಜ್ಜಿನ ಕೇಳಿದ್ಯಾ?”

“ಒಂದ್ ಸಲ ಅಲ್ಲ ಕಣೇ, ವಾರವೆಲ್ಲಾ ಕೇಳ್ದೆ. ನಿನ್ನೆ ಹೂಂ ಅಂದ್ಲು.”

ಅವರೆಕಾಯಿ ಸುಲಿಯುತ್ತಿದ್ದ ಅಂಜನಮ್ಮ ತಲೆಯೆತ್ತಲಿಲ್ಲ. “ನಮ್ಮೂರಲ್ಲಿ ಕಡಿಯೋಕೆ ಮುಂಚೆ ಮಾರಮ್ಮನ ಮುಂದೆ ಕುರಿ ನಿಲ್ಲಿಸಿ ಮೈಮೇಲೆ ತೀರ್ಥ ಹಾಕ್ತಾರೆ ರಂಜು. ಮೈ ಒದರಿದ್ರೆ ಕುರಿ ಒಪ್ತು ಅಂತ. ಒದರ್ಲಿಲ್ವಾ, ಇನ್ನೊಂದು ಚೆಂಬು. ಆಮೇಲೆ ಮತ್ತೊಂದು. ಯಾವ ಕುರಿ ಎಷ್ಟು ಹೊತ್ತು ಅಂತ ತಡ್ಕೊಳುತ್ತೆ ಹೇಳು?”

ರಂಜಿನಿ ಕಿಸಕ್ಕನೆ ನಕ್ಕಳು. “ತಾತ, ಸೆಂಟೆನ್ಸ್ ರಾಂಗ್!”

ಚಿಕ್ಕಹನುಮಯ್ಯನಿಗೆ ನಗು ಬರಲಿಲ್ಲ. ಕಾಫಿ ಕುಡಿಯುವಾಗ, ಸೊಪ್ಪು ತಂದುಕೊಡುವಾಗ, ಕೊನೆಗೆ ಅವಳು ದೀಪ ಹಚ್ಚುವಾಗಲೂ ಇದೇ ಮಾತೆತ್ತಿದ್ದ. ಎಷ್ಟು ಚೆಂಬು ಸುರಿದನೋ!

“ಏನೇ, ನಿಜ ಹೇಳು. ಮನಸ್ಸಿದ್ಯಾ ನಿಂಗೆ?”

“ಇಲ್ಲ ಕಣ್ರೀ. ಹಿಂದೆ ಕೂತು ಗೋಡೆ ಜೊತೆ ಮಾತಾಡ್ಲಾ?”

“ಮೊದ್ಲೇ ಬಾಯ್ಬಿಟ್ಟು ಹೇಳೋಕೇನಾಗಿತ್ತು?”

“ನೀವು ಚೆಂಬು ಕೆಳಗಿಟ್ಟಿದ್ರೆ ಹೇಳ್ತಿದ್ದೆ.”

ಚಿಕ್ಕಹನುಮಯ್ಯ ಫೋನ್ ತೆಗೆದ.

“ಸಿದ್ದೇಶ, ಬೇಜಾರಾಗ್ಬೇಡಪ್ಪ. ರೂಮು ಕೊಡಕ್ಕಾಗಲ್ಲ. ನಮ್ಮನೆಯವಳು ವಿಲ್ಲಿಂಗ್ ಇಲ್ಲ.” ಆ ಕಡೆಯಿಂದ ಏನೋ ಮಾತು ಬಂತು. “ಇಲ್ಲಪ್ಪ, ಇನ್ನೊಂದ್ಸಲ ಕೇಳಲ್ಲ.”

ಪಂಚೆ ಎತ್ತಿ ಕಟ್ಟಿ ಹಿಂದಕ್ಕೆ ಹೋದ. ಮಷೀನಿನ ಒಂದು ಬದಿ ಅವನು, ಇನ್ನೊಂದು ಬದಿ ರಂಜಿನಿ ಹಿಡಿದು, ಬಾಗಿಲ ಚೌಕಟ್ಟಿಗೆ ತಗುಲಿಸುತ್ತಾ ಹೊತ್ತು ತಂದರು. ಅಂಜನಮ್ಮ ಅವರೆಕಾಳಿನ ಮೊರ ಪಕ್ಕಕ್ಕಿಟ್ಟು ಎದ್ದಳು. ಸೆರಗಿನಿಂದ ಧೂಳೊರೆಸಿ, ಕಿಟಕಿಯ ಎರಡೂ ಬಾಗಿಲನ್ನು ಬೀದಿಗೆ ತೆರೆದಳು.